‘ನಿಮ್ಮ ಸ್ಟೇಷನ್ ಡೇಟಾ ಬರ್ತಿಲ್ಲ’: ಸಬ್‌ಸ್ಟೇಷನ್ ನೆಟ್‌ವರ್ಕ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

“ಮೇಡಂ, ನಿಮ್ಮ ಸ್ಟೇಷನ್ ಡೇಟಾ ಬರ್ತಿಲ್ಲ.”

ಗ್ರಿಡ್ ಮೇಲೆ ಕಣ್ಣಿಡುವ ಲೋಡ್ ಡಿಸ್ಪ್ಯಾಚ್ ಸೆಂಟರಿನಿಂದ ಬರುವ ಫೋನು ಯಾವಾಗಲೂ ಇಷ್ಟೇ ಉದ್ದ. ಏನು ಬರ್ತಿಲ್ಲ, ಯಾವಾಗಿನಿಂದ ಬರ್ತಿಲ್ಲ, ಯಾವ ಬೇ (ಒಂದು ಲೈನಿನ ಅಥವಾ ಟ್ರಾನ್ಸ್‌ಫಾರ್ಮರಿನ ಉಪಕರಣಗಳ ಗುಂಪು) ಬರ್ತಿಲ್ಲ, ಒಂದೂ ಗೊತ್ತಾಗುವುದಿಲ್ಲ. ಫೋನ್ ಇಡುವಷ್ಟರಲ್ಲಿ ಸ್ಟೇಷನ್ನಿನಲ್ಲಿ ಯಾರಾದರೂ ಒಬ್ಬರು ಎದ್ದು ಡೇಟಾವನ್ನು ಸೆಂಟರಿಗೆ ಕಳಿಸುವ ಗೇಟ್‌ವೇ ಪ್ಯಾನೆಲ್ ಕಡೆ ಹೊರಟಿರುತ್ತಾರೆ. ರೀಸ್ಟಾರ್ಟ್ ಮಾಡೋಕೆ.

ಮೊದಲು ಅವರನ್ನು ತಡೆಯಿರಿ. ರೀಸ್ಟಾರ್ಟ್ ಮಾಡಿದರೆ ಹತ್ತರಲ್ಲಿ ಆರು ಸಲ ಡೇಟಾ ವಾಪಸ್ ಬರುತ್ತೆ, ನಿಜ. ಆದರೆ ಅದರ ಜೊತೆ ಪೋರ್ಟ್ ಕೌಂಟರ್‌ಗಳು ಸೊನ್ನೆಯಾಗುತ್ತವೆ, ಕೆಲವು ಪೆಟ್ಟಿಗೆಗಳಲ್ಲಿ ಲಾಗ್ ಕೂಡ ಅಳಿಸಿಹೋಗುತ್ತೆ. ನಾಳೆ ಅದೇ ಹೊತ್ತಿಗೆ ಅದೇ ಫೋನ್ ಬರುತ್ತೆ, ಆಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಬೆಂಗಳೂರಿನ ಸುತ್ತಮುತ್ತಲಿನ 220 ಮತ್ತು 66 ಕೆವಿ ಸ್ಟೇಷನ್‌ಗಳಲ್ಲಿ ಸ್ಕಾಡಾ (ದೂರದಿಂದ ನೋಡಿ ನಿಯಂತ್ರಿಸುವ ವ್ಯವಸ್ಥೆ), ರಿಲೇ (ತೊಂದರೆ ಗುರುತಿಸಿ ಬ್ರೇಕರ್ ತೆರೆಸುವ ಪೆಟ್ಟಿಗೆ), ಓಎಫ್‌ಸಿ (ಬೆಳಕಿನ ನಾರಿನ ಕೇಬಲ್) ಅಂತ ಓಡಾಡುವ ಕೆಲಸ ನನ್ನದು. ಹೊಸದಾಗಿ ಬಂದ ಹುಡುಗರಿಗೆ ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿ ಇದನ್ನು ಬರೆದಿದ್ದೇನೆ.

ಸತ್ತಿದೆಯಾ, ಹೆಪ್ಪುಗಟ್ಟಿದೆಯಾ?

ಡೇಟಾ ಬರ್ತಿಲ್ಲ ಅನ್ನುವುದರಲ್ಲಿ ಮೂರು ಬಗೆ ಇದೆ. ಲಿಂಕೇ ಬಿದ್ದಿರಬಹುದು. ಲಿಂಕ್ ಇದ್ದು, ಅಳತೆಯ ಅಂಕಿಗಳ ಮೇಲೆ ಕೆಟ್ಟ ಗುಣಮಟ್ಟದ ಗುರುತು ಬಿದ್ದಿರಬಹುದು. ಇಲ್ಲವೇ ಎಲ್ಲ ಸರಿ ಇದ್ದಂತೆ ಕಂಡು, ಅಂಕಿ ಮಾತ್ರ ಒಂದೇ ಕಡೆ ನಿಂತಿರಬಹುದು. ಈ ಮೂರನೆಯದು ಬಹಳ ಕೆಟ್ಟದ್ದು, ಯಾಕಂದರೆ ಅದಕ್ಕೆ ಯಾರೂ ಫೋನ್ ಮಾಡುವುದಿಲ್ಲ.

ನಿಂತಿದೆಯೋ ಇಲ್ಲವೋ ನೋಡಲು ನಾನು ಫ್ರೀಕ್ವೆನ್ಸಿಯನ್ನು ನಾಡಿ ಹಿಡಿದ ಹಾಗೆ ಹಿಡಿಯುತ್ತೇನೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆವಿ ಲೈನಿನ ಮೂಲಕ ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್ಡಿಗೆ ಸೇರಿತು. ಅವತ್ತಿನಿಂದ ಫ್ರೀಕ್ವೆನ್ಸಿ ಬೆಂಗಳೂರಿನ ಹೂಡಿಯಲ್ಲಿ ಎಷ್ಟೋ ದೆಹಲಿಯಲ್ಲೂ ಅಷ್ಟೇ. ಹಾಗಾಗಿ ನಿಮ್ಮ ಸ್ಟೇಷನ್ನಿನ ಫ್ರೀಕ್ವೆನ್ಸಿಯನ್ನು ಇನ್ನೊಂದು ಸ್ಟೇಷನ್ನಿನದರ ಪಕ್ಕ ಇಟ್ಟು ಒಂದು ನಿಮಿಷ ನೋಡಿ. ಅಲ್ಲಿ 49.97, 49.98, 50.01 ಅಂತ ಕುಣಿಯುತ್ತಿದ್ದು ನಿಮ್ಮಲ್ಲಿ 49.98ಕ್ಕೇ ಗೂಟ ಹೊಡೆದಂತೆ ನಿಂತಿದ್ದರೆ ಡೇಟಾ ಹೆಪ್ಪುಗಟ್ಟಿದೆ. ಬಸ್ ವೋಲ್ಟೇಜ್ ಕೂಡ ಹಾಗೇ, ಕೊನೆಯ ಅಂಕಿ ಎಂದೂ ಸುಮ್ನೆ ಕೂರುವುದಿಲ್ಲ.

ಗುಣಮಟ್ಟದ ಗುರುತನ್ನು ಸೆಂಟರಿನವರಿಂದಲೇ ಕೇಳಿ ತಿಳಿದುಕೊಳ್ಳಿ. ‘ನಾಟ್ ಟಾಪಿಕಲ್’ ಅಂತ ಬಿದ್ದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಗೇಟ್‌ವೇ ಸೆಂಟರಿನ ಜೊತೆ ಚೆನ್ನಾಗಿಯೇ ಮಾತಾಡುತ್ತಿದೆ, ಆದರೆ ಕೆಳಗಿನ ರಿಲೇಯಿಂದ ಅದಕ್ಕೆ ಹೊಸದೇನೂ ಸಿಗುತ್ತಿಲ್ಲ ಎಂದರ್ಥ. ತೊಂದರೆ ನಿಮ್ಮ ಕಾಂಪೌಂಡ್ ಒಳಗೇ ಇದೆ, ಬೀದಿಗೆ ಹೋಗಬೇಡಿ.

ಇನ್ನೊಂದು ಬಿಟ್ಟಿ ಸುಳಿವು: ಅಪ್‌ಟೈಮ್. ಸ್ವಿಚ್ಚು, ರೂಟರು, ಗೇಟ್‌ವೇ ಎಲ್ಲವೂ ತಾವು ಎದ್ದು ಎಷ್ಟು ಹೊತ್ತಾಯಿತು ಅಂತ ಹೇಳುತ್ತವೆ. ಡೇಟಾ ಹೋಗಿ 40 ನಿಮಿಷವಾಗಿದ್ದು ಸ್ವಿಚ್ಚಿನ ಅಪ್‌ಟೈಮ್ 38 ನಿಮಿಷ ಅಂತಿದ್ದರೆ ನೆಟ್‌ವರ್ಕನ್ನು ಬಿಟ್ಟು ಡಿಸಿ ಸಪ್ಲೈ ನೋಡಿ. ಸಡಿಲ ಟರ್ಮಿನಲ್ಲು, ಬಿದ್ದ ಎಂಸಿಬಿ, ಸೊರಗಿದ 48 ವೋಲ್ಟ್ ಬ್ಯಾಟರಿ, ಇವುಗಳಲ್ಲಿ ಒಂದು ಸಿಗುತ್ತೆ.

ಗೇಟ್‌ವೇ ಹತ್ತಿರ ನಿಂತು ಎರಡೂ ಕಡೆ ನೋಡಿ

ಕರೆಂಟು, ವೋಲ್ಟೇಜು ಅಳೆಯಲು ಬಳಸುವ ಸಿಟಿ-ಪಿಟಿಯಿಂದ ರಿಲೇ, ರಿಲೇಯಿಂದ ಬೇ ಸ್ವಿಚ್ಚು, ಅಲ್ಲಿಂದ ಕಂಟ್ರೋಲ್ ರೂಮಿನ ಸ್ವಿಚ್ಚು, ಗೇಟ್‌ವೇ, ರೂಟರು, ಮಲ್ಟಿಪ್ಲೆಕ್ಸರು, ಆಮೇಲೆ ಟವರ್ ತಲೆಯ ಓಪಿಜಿಡಬ್ಲ್ಯೂ (ಒಳಗೆ ನಾರಿರುವ ಗ್ರೌಂಡ್ ತಂತಿ) ಅಥವಾ ನೆಲದಡಿಯ ಓಎಫ್‌ಸಿ, ಕೊನೆಗೆ ಸೆಂಟರು. ಇಷ್ಟುದ್ದದ ದಾರಿಯನ್ನು ಒಂದು ತುದಿಯಿಂದ ಹುಡುಕುತ್ತಾ ಹೊರಟರೆ ಸಂಜೆಯಾಗುತ್ತೆ. ನಡುವೆ ಕತ್ತರಿಸಿ. ಆ ನಡುವೇ ಗೇಟ್‌ವೇ.

ಸ್ಟೇಷನ್ನಿನ ಎಚ್‌ಎಂಐ, ಅಂದರೆ ಆಪರೇಟರ್ ನೋಡುವ ಪರದೆ, ಸರಿಯಿದ್ದು ಸೆಂಟರಿಗೆ ಮಾತ್ರ ಕಾಣದಿದ್ದರೆ ತೊಂದರೆ ಹೊರಗಡೆ. ಎಚ್‌ಎಂಐನಲ್ಲೂ ಅದೇ ಬೇ ಬೂದು ಬಣ್ಣಕ್ಕೆ ತಿರುಗಿದ್ದರೆ ಒಳಗಡೆ. ಎರಡು ನಿಮಿಷದ ಕೆಲಸ. ಆದರೂ ಇದನ್ನು ನೋಡದೆ ಸೀದಾ ಓಎಫ್‌ಸಿ ತಂಡಕ್ಕೆ ಫೋನ್ ಮಾಡುವವರೇ ಜಾಸ್ತಿ.

ಹೊರಗಡೆ ಅಂತಾದರೆ ಪಿಂಗ್ ಮಾಡಿ, ಅಂದರೆ ಸೆಂಟರಿಗೆ ಒಂದು ಸಣ್ಣ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತಾ ನೋಡಿ. ಪಿಂಗ್ ಬರದಿದ್ದರೆ ದಾರಿಯೇ ಇಲ್ಲ, ಮುಂದಿನ ಭಾಗಕ್ಕೆ ಹೋಗಿ. ಪಿಂಗ್ ಬಂದೂ ಡೇಟಾ ಇಲ್ಲದಿದ್ದರೆ ಮಜಾ ಶುರುವಾಗುವುದು ಅಲ್ಲಿಂದ. ಹೆಚ್ಚಿನ ಸ್ಟೇಷನ್‌ಗಳು ಈಗ ಸೆಂಟರಿನ ಜೊತೆ ಐಇಸಿ 60870-5-104 ಎಂಬ ಪ್ರೋಟೊಕಾಲಿನಲ್ಲಿ ಮಾತಾಡುತ್ತವೆ, ಪೋರ್ಟ್ ನಂಬರ್ 2404. ಆ ಪೋರ್ಟು ತೆರೆದುಕೊಳ್ಳುತ್ತಾ ನೋಡಿ. ತೆರೆಯದಿದ್ದರೆ ಮಧ್ಯದ ಫೈರ್‌ವಾಲ್, ಇಲ್ಲವೇ ಗೇಟ್‌ವೇಯ ಅನುಮತಿ ಪಟ್ಟಿಯಲ್ಲಿ ಸೆಂಟರಿನ ಹೊಸ ಐಪಿ ಸೇರಿಲ್ಲ.

ಪೋರ್ಟ್ ತೆರೆದೂ ಡೇಟಾ ಇಲ್ಲವಾ? ರೂಟರ್ ಕಡೆಯ ಪೋರ್ಟನ್ನು ಮಿರರ್ ಮಾಡಿ (ಅಲ್ಲಿ ಓಡಾಡುವುದರ ನಕಲು ಪಡೆದು), ಲ್ಯಾಪ್‌ಟಾಪಿನಲ್ಲಿ ಪ್ಯಾಕೆಟ್ ಓದುವ ವೈರ್‌ಶಾರ್ಕ್ ಹಾಕಿ ಐದು ನಿಮಿಷ ಹಿಡಿಯಿರಿ. 104ರ ಪ್ರತಿ ಸಂದೇಶವೂ 68 ಎಂಬ ಬೈಟಿನಿಂದ ಶುರುವಾಗುತ್ತೆ. 68 04 07 ಅಂದರೆ ಸೆಂಟರು ‘ಶುರು ಮಾಡು’ ಅಂತಿದೆ. ಅದು ಬಾರದೆ ಗೇಟ್‌ವೇ ಒಂದು ಅಂಕಿಯನ್ನೂ ಕಳಿಸುವುದಿಲ್ಲ. ಕನೆಕ್ಷನ್ ಇರುತ್ತೆ, ಮಾತಿರುವುದಿಲ್ಲ. ಸೆಂಟರಿನಲ್ಲಿ ಮುಖ್ಯ ಸರ್ವರ್ ಬದಲು ಸ್ಟ್ಯಾಂಡ್‌ಬೈ ಸರ್ವರ್ ಬಂದು ಕೂತಿದ್ದಾಗ ನಾನು ಇದನ್ನು ಕಂಡಿದ್ದೇನೆ.

68 04 43 ಅಂದರೆ ‘ಇದ್ದೀಯಾ?’ ಎಂಬ ಪ್ರಶ್ನೆ. 68 04 83 ಅಂದರೆ ‘ಇದ್ದೀನಿ’ ಎಂಬ ಉತ್ತರ. ಸಾಮಾನ್ಯ ಸೆಟ್ಟಿಂಗಿನಲ್ಲಿ 20 ಸೆಕೆಂಡ್ ಮೌನವಿದ್ದರೆ ಪ್ರಶ್ನೆ ಹೋಗುತ್ತೆ, 15 ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಲಿಂಕ್ ಕಡಿದು ಮತ್ತೆ ಕಟ್ಟುತ್ತಾರೆ. ಆದ್ದರಿಂದ ಲಿಂಕು ಸುಮಾರು 35 ಸೆಕೆಂಡಿಗೊಮ್ಮೆ ಬಿದ್ದು ಏಳುತ್ತಿದ್ದರೆ ಗಡಿಯಾರ ನೋಡಿಯೇ ಹೇಳಬಹುದು: ಕನೆಕ್ಷನ್ ಆಗುತ್ತಿದೆ, ‘ಇದ್ದೀಯಾ?’ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಸಿಗುತ್ತಿಲ್ಲ. ಪ್ರಶ್ನೆ ತಲುಪಲಿಲ್ಲವಾ, ಉತ್ತರ ಬರಲಿಲ್ಲವಾ ಅಂತ ಹಿಡಿದ ಸಂದೇಶಗಳಲ್ಲಿ ನೋಡಿ.

ಡೇಟಾ ಗೊಂಚಲು ಗೊಂಚಲಾಗಿ, ಹತ್ತು ಸೆಕೆಂಡಿಗೊಮ್ಮೆ ಧೊಪ್ಪೆಂದು ಬಂದು ಬೀಳುತ್ತಿದ್ದರೆ ‘ಕೆ’ ಮತ್ತು ‘ಡಬ್ಲ್ಯೂ’ ಎಂಬ ಎರಡು ಸೆಟ್ಟಿಂಗ್ ನೋಡಿ. ರಶೀದಿ ಬರದೆ ಎಷ್ಟು ಸಂದೇಶ ಕಳಿಸಬಹುದು ಅನ್ನುವುದು ಕೆ, ಸಾಮಾನ್ಯವಾಗಿ 12. ಎಷ್ಟು ಬಂದ ಮೇಲೆ ರಶೀದಿ ಕೊಡಬೇಕು ಅನ್ನುವುದು ಡಬ್ಲ್ಯೂ, ಸಾಮಾನ್ಯವಾಗಿ 8. ಯಾರೋ ಸೆಂಟರ್ ಕಡೆ ಡಬ್ಲ್ಯೂವನ್ನು 16 ಮಾಡಿಟ್ಟರೆ ಏನಾಗುತ್ತೆ ಯೋಚಿಸಿ. ಗೇಟ್‌ವೇ 12 ಕಳಿಸಿ ರಶೀದಿಗೆ ಕಾಯುತ್ತೆ. ಸೆಂಟರು 16 ಬರಲಿ ಅಂತ ಕಾಯುತ್ತೆ. ‘ನೀವು ಮೊದಲು, ನೀವು ಮೊದಲು’ ಅಂತ ಬಾಗಿಲಲ್ಲೇ ನಿಂತ ನೆಂಟರ ಹಾಗೆ ಇಬ್ಬರೂ ನಿಲ್ಲುತ್ತಾರೆ. ಕೊನೆಗೆ 10 ಸೆಕೆಂಡಿನ ಟೈಮರ್ ಮುಗಿದು ರಶೀದಿ ಬರುತ್ತೆ.

ಬ್ರೇಕರ್ ತೆರೆದರೆ ಸುದ್ದಿ ಹೋಗುತ್ತೆ, ಆದರೆ ಸೆಂಟರಿನವರು ‘ಎಲ್ಲ ಅಂಕಿ ಒಟ್ಟಿಗೆ ಕೊಡು’ ಅಂತ ಜನರಲ್ ಇಂಟರಾಗೇಶನ್ ಕೇಳಿದಾಗ ಲಿಂಕ್ ಸಾಯುತ್ತೆ ಅಂದರೆ ಪ್ಯಾಕೆಟ್ಟಿನ ಗಾತ್ರದ ಮೇಲೆ ಅನುಮಾನ ಪಡಿ. ವಿಪಿಎನ್ ಸುರಂಗ ಸ್ವಲ್ಪ ಜಾಗ ತಿನ್ನುತ್ತೆ. ಸಣ್ಣ ಪಿಂಗ್ ದಾಟುತ್ತೆ, ದೊಡ್ಡದು ದಾಟುವುದಿಲ್ಲ. ಚೂರು ಮಾಡಬೇಡ ಎಂಬ ಗುರುತಿನೊಂದಿಗೆ 1400 ಬೈಟಿನ ಪಿಂಗ್ ಹಾಕಿ ನೋಡಿ. ಅದು ಹೋಗದಿದ್ದರೆ ಕಳ್ಳ ಸಿಕ್ಕ.

ಅಗೆದ ರಸ್ತೆ

ಪಿಂಗೇ ಇಲ್ಲ ಅಂದರೆ ನಮ್ಮೂರಲ್ಲಿ ಮೊದಲ ಅನುಮಾನ ಜೆಸಿಬಿ ಮೇಲೆ. ನಾರಿಗೆ ಬೆಳಕು ಬಿಟ್ಟು ಕಡಿತ ಎಷ್ಟು ದೂರ ಅಂತ ಹೇಳುವ ಓಟಿಡಿಆರ್ ಹಾಕಿ ಅಳೆಯಿರಿ. ಒಂದು ಮಾತು ನೆನಪಿರಲಿ: ಅದು ಹೇಳುವುದು ನಾರಿನ ಉದ್ದ, ರಸ್ತೆಯ ಉದ್ದ ಅಲ್ಲ. ಜಾಯಿಂಟ್ ಬಾಕ್ಸ್‌ಗಳಲ್ಲಿ ಸುತ್ತಿಟ್ಟ ಕೇಬಲ್ಲೂ ಅದರಲ್ಲಿ ಸೇರಿರುತ್ತೆ. 4.2 ಕಿಮೀ ಅಂತ ತೋರಿಸಿದರೆ ಬೈಕಿನ ಮೀಟರಿನಲ್ಲಿ 4.2 ಕಿಮೀ ಹೋಗಿ ಅಗೆಯಬೇಡಿ, ಕಡಿತ ಸ್ವಲ್ಪ ಈಚೆಗೇ ಇರುತ್ತೆ. ಆ ಆಸುಪಾಸಿನಲ್ಲಿ ಹೊಸ ಮಣ್ಣು ಎಲ್ಲಿ ಕಾಣುತ್ತೋ ಅಲ್ಲಿ ನಿಲ್ಲಿ. ಟೀ ಅಂಗಡಿಯವರನ್ನು ಕೇಳಿದರೆ ಇನ್ನೂ ಬೇಗ ಸಿಗುತ್ತೆ.

ಕಡಿತವಿಲ್ಲದೆ ಸಿಗ್ನಲ್ ಸೊರಗಿದ್ದರೆ 1310 ಮತ್ತು 1550 ನ್ಯಾನೋಮೀಟರ್ ಎರಡರಲ್ಲೂ ಅಳೆಯಿರಿ. ಒಳ್ಳೆ ಸಿಂಗಲ್ ಮೋಡ್ ನಾರಿನಲ್ಲಿ 1310ರಲ್ಲಿ ಕಿಲೋಮೀಟರಿಗೆ ಸುಮಾರು 0.35 ಡಿಬಿ ನಷ್ಟ, 1550ರಲ್ಲಿ ಅದಕ್ಕಿಂತ ಕಡಿಮೆ. ಒಂದು ಜಾಗದಲ್ಲಿ 1310ರಲ್ಲಿ ಏನೂ ಕಾಣದೆ 1550ರಲ್ಲಿ ಮಾತ್ರ ಗುಂಡಿ ಬಿದ್ದಂತೆ ಕಂಡರೆ ಅಲ್ಲಿ ನಾರು ಬಗ್ಗಿ ಹಿಂಡಿಕೊಂಡಿದೆ. ಪ್ಯಾನೆಲ್ ಬಾಗಿಲಿಗೆ ಸಿಕ್ಕಿದ್ದು, ಟೈ ಹಾಕಿ ಬಿಗಿದಿದ್ದು, ಇಂಥವೇ. ಅಳೆಯುವ ಮುನ್ನ ಕನೆಕ್ಟರ್ ತುದಿಯನ್ನು ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಾಕಿ ಒರೆಸಿ. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತೆ. ಶರಟಿನ ತುದಿಯಿಂದ ಒರೆಸುವವರಿದ್ದಾರೆ, ದಯವಿಟ್ಟು ಬೇಡ. ನಾರಿನ ಬಾಯಿಗೆ ಕಣ್ಣಿಟ್ಟು ‘ಬೆಳಕು ಬರ್ತಿದೆಯಾ’ ಅಂತ ನೋಡುವುದಂತೂ ಬೇಡವೇ ಬೇಡ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಕಣ್ಣನ್ನು ಸುಡಬಲ್ಲದು.

ಡೇಟಾ ಇದೆ, ಟೈಮ್ ತಪ್ಪು

220 ಕೆವಿ ಲೈನ್ ಟ್ರಿಪ್ ಆದಾಗ ಯಾವ ತುದಿ ಮೊದಲು ತೆರೆಯಿತು ಎಂಬುದನ್ನು ಮಿಲಿಸೆಕೆಂಡ್ ಲೆಕ್ಕದಲ್ಲಿ ನೋಡುತ್ತಾರೆ. ಆಗ ಗಡಿಯಾರ ತಪ್ಪಿದ್ದರೆ ಇಡೀ ವರದಿ ಕಸದ ಬುಟ್ಟಿಗೆ. ಇಲ್ಲಿ ಒಂದು ಅನುಕೂಲವಿದೆ, ತಪ್ಪಿನ ಅಳತೆಯೇ ಕಾರಣವನ್ನು ಹೇಳಿಬಿಡುತ್ತೆ.

ಸರಿಯಾಗಿ 5 ಗಂಟೆ 30 ನಿಮಿಷ ವ್ಯತ್ಯಾಸ ಇದ್ದರೆ, ಒಂದು ಕಡೆ ಭಾರತೀಯ ಕಾಲಮಾನ, ಇನ್ನೊಂದು ಕಡೆ ಯುಟಿಸಿ (ಜಾಗತಿಕ ಕಾಲಮಾನ) ಹಾಕಿದ್ದಾರೆ. 18 ಸೆಕೆಂಡ್ ವ್ಯತ್ಯಾಸ ಇದ್ದರೆ, ಜಿಪಿಎಸ್ ಕಾಲವನ್ನೇ ನೇರ ಬಳಸುತ್ತಿದ್ದಾರೆ, ಲೀಪ್ ಸೆಕೆಂಡ್ ಕಳೆದಿಲ್ಲ. 2017ರ ಜನವರಿ 1ರಿಂದ ಜಿಪಿಎಸ್ ಕಾಲ ಯುಟಿಸಿಗಿಂತ 18 ಸೆಕೆಂಡ್ ಮುಂದಿದೆ. ದಿನ, ಗಂಟೆ ಸರಿಯಿದ್ದು ವರ್ಷ ಮಾತ್ರ ತಪ್ಪಿದ್ದರೆ, ಹಳೇ ಬಗೆಯ ಐರಿಗ್-ಬಿ ಎಂಬ ಟೈಮ್ ಸಿಗ್ನಲ್ ಇರಬೇಕು, ಅದರಲ್ಲಿ ವರ್ಷವೇ ಇರುವುದಿಲ್ಲ. ಸುಮಾರು ಇಪ್ಪತ್ತು ವರ್ಷ ಹಿಂದೆ ಹೋಗಿದ್ದರೆ ಹೆದರಬೇಡಿ. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತೆ. 2019ರ ಏಪ್ರಿಲ್ 6-7ರ ರಾತ್ರಿ ಹಾಗೆ ಸೊನ್ನೆಯಾದಾಗ, ಸಾಫ್ಟ್‌ವೇರ್ ಹೊಸದು ಮಾಡದ ಹಳೆಯ ಗಡಿಯಾರಗಳು 1999ರ ಆಗಸ್ಟ್‌ಗೆ ಹೋಗಿ ಕೂರುವ ಅಪಾಯವಿತ್ತು. ಗೋದಾಮಿನಿಂದ ತೆಗೆದ ಹಳೇ ಸ್ಪೇರ್ ಹಾಕಿದಾಗ ಇದು ಈಗಲೂ ಎದುರಾಗಬಹುದು.

ವ್ಯತ್ಯಾಸಕ್ಕೆ ಲೆಕ್ಕವೇ ಇಲ್ಲ, ದಿನದಿನಕ್ಕೂ ಜಾರುತ್ತಿದೆ ಅಂದರೆ ಆಂಟೆನಾ ನೋಡಿ. ಮಳೆ ನೀರು ಕನೆಕ್ಟರಿಗೆ ಇಳಿದಿರುತ್ತೆ. ಅಥವಾ ಕಾಂಪೌಂಡ್ ಪಕ್ಕದ ಖಾಲಿ ಸೈಟಿನಲ್ಲಿ ಹದಿನೆಂಟು ಮಹಡಿ ಎದ್ದು ಅರ್ಧ ಆಕಾಶ ಮುಚ್ಚಿರುತ್ತೆ. ವೈಟ್‌ಫೀಲ್ಡ್ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಒಳಗಡೆಯ ತೊಂದರೆ

ಒಂದು ಬೇ ಮಾತ್ರ ಹೋಗಿದೆಯಾ, ಎಲ್ಲ ಬೇ ಹೋಗಿವೆಯಾ? ಎಲ್ಲವೂ ಅಂದರೆ ಕಂಟ್ರೋಲ್ ರೂಮಿನ ಮುಖ್ಯ ಸ್ವಿಚ್ಚು. ಒಂದೇ ಅಂದರೆ ಆ ಬೇಯ ಕಿಯಾಸ್ಕಿಗೆ ನಡೆಯಿರಿ.

ಪೋರ್ಟ್ ಕೌಂಟರಿನಲ್ಲಿ ಸಿಆರ್‌ಸಿ ತಪ್ಪುಗಳ, ಅಂದರೆ ದಾರಿಯಲ್ಲಿ ಕೆಟ್ಟುಹೋದ ಫ್ರೇಮ್‌ಗಳ, ಲೆಕ್ಕ ಇರುತ್ತೆ. ಐಸೋಲೇಟರ್ ತೆರೆದಾಗ, ಮುಚ್ಚಿದಾಗಲೆಲ್ಲ ಅದು ಜಿಗಿಯುತ್ತಿದ್ದರೆ ಯಾರ್ಡಿನಲ್ಲಿ ಎಲ್ಲೋ ತಾಮ್ರದ ಈಥರ್ನೆಟ್ ಕೇಬಲ್ ಓಡಿದೆ. ‘ಟೆಸ್ಟಿಂಗ್‌ಗೆ ಅಂತ ಎಳೆದಿದ್ದು ಸಾರ್, ಆಮೇಲೆ ತೆಗೀತೀವಿ’ ಅಂದ ಕೇಬಲ್ ಅದು. ಐಸೋಲೇಟರ್ ಕಿಡಿಯ ಗದ್ದಲವನ್ನು ಅದು ಆಂಟೆನಾ ಥರ ಹಿಡಿಯುತ್ತೆ. ಕಿತ್ತು ಫೈಬರ್ ಹಾಕಿ.

ಗೂಸ್, ಅಂದರೆ ರಿಲೇಗಳು ತಮ್ಮತಮ್ಮೊಳಗೆ ಕಳಿಸುವ ತುರ್ತು ಸಂದೇಶ. ಅದರ ತೊಂದರೆ ಬೇರೆ ಜಾತಿ. ಅದಕ್ಕೆ ಐಪಿ ವಿಳಾಸವೇ ಇಲ್ಲ, 88ಬಿ8 ಎಂಬ ಈಥರ್‌ಟೈಪಿನಲ್ಲಿ ನೇರ ಮಲ್ಟಿಕಾಸ್ಟ್ ಆಗಿ ಹೋಗುತ್ತೆ. ಆದ್ದರಿಂದ ರಿಲೇಗೆ ಪಿಂಗ್ ಬಂತು ಅಂದರೆ ಗೂಸ್ ಬಂತು ಅಂತಲ್ಲ. ಸ್ವಿಚ್ಚಿನಲ್ಲಿ ಗೂಸ್‌ನ ವಿಲ್ಯಾನ್ (ಬೇರ್ಪಡಿಸಿದ ಒಳ ನೆಟ್‌ವರ್ಕ್) ಬಿಟ್ಟುಹೋಗಿದ್ದರೆ ಎಚ್‌ಎಂಐ ಎಲ್ಲ ಹಸಿರು ತೋರಿಸುತ್ತಿರುತ್ತೆ, ಇಂಟರ್‌ಲಾಕ್ (ತಪ್ಪು ಸ್ವಿಚಿಂಗ್ ತಡೆಯುವ ಬೀಗ) ಮಾತ್ರ ಕೆಲಸ ಮಾಡುವುದಿಲ್ಲ. ಸಂದೇಶ ಹಿಡಿದು ಎರಡು ಅಂಕಿ ನೋಡಿ. ಸ್ಥಿತಿ ಬದಲಾದಾಗ ಏರುವುದು ಸ್ಟೇಟ್ ನಂಬರ್, ಅದೇ ಸಂದೇಶವನ್ನು ಪುನಃ ಹೇಳಿದಾಗ ಏರುವುದು ಸೀಕ್ವೆನ್ಸ್ ನಂಬರ್. ಬ್ರೇಕರ್ ಅಲ್ಲಾಡದೆ ಸ್ಟೇಟ್ ನಂಬರ್ ಓಡುತ್ತಿದ್ದರೆ ಆಕ್ಸಿಲರಿ ಕಾಂಟ್ಯಾಕ್ಟ್ ಪಟಪಟ ಅನ್ನುತ್ತಿದೆ. ಸೀಕ್ವೆನ್ಸ್ ನಡುವೆ ಅಂಕಿ ಬಿಟ್ಟಿದ್ದರೆ ಫ್ರೇಮ್ ಕಳೆಯುತ್ತಿದೆ. ಎರಡೂ ಸರಿಯಿದ್ದು ಆ ಕಡೆಯ ರಿಲೇ ಒಪ್ಪುತ್ತಿಲ್ಲವಾದರೆ ಕಾನ್ಫಿಗರೇಶನ್ ರಿವಿಷನ್ ಹೊಂದುತ್ತಿಲ್ಲ, ಇಲ್ಲವೇ ಟೆಸ್ಟಿಂಗ್ ಮಾಡಿದವರು ರಿಲೇಯನ್ನು ಟೆಸ್ಟ್ ಮೋಡಿನಲ್ಲೇ ಬಿಟ್ಟು ಮನೆಗೆ ಹೋಗಿದ್ದಾರೆ.

ಏಪ್ರಿಲ್ ತಿಂಗಳ ಕಿಯಾಸ್ಕ್

ಈಗ ನನಗೆ ನಾಲ್ಕು ದಿನ ನೀರು ಕುಡಿಸಿದ ಒಂದು ಕೇಸು. ಊರಿನ ಅಂಚಿನ ಒಂದು 220 ಕೆವಿ ಸ್ಟೇಷನ್. ಒಂದು ಲೈನ್ ಬೇ ಎಚ್‌ಎಂಐನಿಂದ ಮಾಯವಾಗುತ್ತಿತ್ತು, ಮತ್ತೆ ಬರುತ್ತಿತ್ತು. ಮೊದಲ ದಿನ ನಾನು ಹೋಗುವ ಮೊದಲೇ ಸ್ವಿಚ್ ರೀಸ್ಟಾರ್ಟ್ ಮಾಡಿ ‘ಸರಿ ಹೋಯ್ತು’ ಅಂದಿದ್ದರು. ಎರಡನೇ ದಿನ ಪ್ಯಾಚ್ ಕಾರ್ಡ್ ಬದಲಿಸಿದೆವು. ಸರಿ ಹೋಯ್ತು. ಮೂರನೇ ದಿನ ಬೇ ಸ್ವಿಚ್ಚನ್ನೇ ಬದಲಿಸಿ, ಹಳೆಯದರ ಎಸ್‌ಎಫ್‌ಪಿ ಮಾಡ್ಯೂಲ್ (ಫೈಬರ್ ಸೇರಿಸುವ ಸಣ್ಣ ಬಿಡಿಭಾಗ) ಕಿತ್ತು ಹೊಸದಕ್ಕೆ ಚುಚ್ಚಿದೆವು. ಆಗಲೂ ಸರಿ ಹೋಯ್ತು.

ನಾಲ್ಕನೇ ದಿನ ಫೋನ್ ಬಂದಾಗ ಶಿಫ್ಟಿನಲ್ಲಿದ್ದ ಹಿರಿಯ ಆಪರೇಟರ್ ಒಂದು ಮಾತು ಹೇಳಿದರು. “ಮೇಡಂ, ನಾನು ಊಟ ಮುಗ್ಸಿ ಬರೋ ಹೊತ್ತಿಗೆ ಹೋಗುತ್ತೆ. ಸಾಯಂಕಾಲ ಕಾಫಿ ಹೊತ್ತಿಗೆ ತಾನೇ ಬರುತ್ತೆ. ನೀವು ರಿಪೇರಿ ಮಾಡಿದ್ರೂ ಅಷ್ಟೇ, ಮಾಡ್ದೇ ಇದ್ರೂ ಅಷ್ಟೇ.”

ಮೈ ಚುರ್ ಅಂದಿತು. ಮೂರು ದಿನವೂ ನಮ್ಮ ರಿಪೇರಿ ಮುಗಿದಿದ್ದು ಸಂಜೆ ಐದರ ಮೇಲೆ. ಸರಿ ಮಾಡುತ್ತಿದ್ದುದು ನಾವಲ್ಲ, ಮುಳುಗುವ ಸೂರ್ಯ.

ಬೇ ಕಿಯಾಸ್ಕ್ ಅಂದರೆ ತಗಡಿನ ಒಂದು ಕೋಣೆ. ಅದರ ಬಾಗಿಲು ಪಶ್ಚಿಮಕ್ಕೆ. ಎಸಿ ಕೆಟ್ಟು ಎಷ್ಟೋ ದಿನವಾಗಿತ್ತು. ‘ಬೆಂಗಳೂರಲ್ಲಿ ಎಸಿ ಇಲ್ದಿದ್ರೂ ನಡೆಯುತ್ತೆ’ ಅನ್ನುವುದು ನಮ್ಮೆಲ್ಲರ ತಲೆಯಲ್ಲಿ ಕೂತಿರುವ ಮಾತು. ಅದು ಮರದ ನೆರಳಿನ ಬೆಂಗಳೂರಿಗೆ ಸರಿ. ಯಾರ್ಡಿನ ಜಲ್ಲಿಯ ಮೇಲೆ ನಿಂತ ತಗಡಿಗೆ ಏಪ್ರಿಲ್ ಮಧ್ಯಾಹ್ನ ಬೆಂಗಳೂರೂ ಒಂದೇ, ರಾಯಚೂರೂ ಒಂದೇ. ಬಾಗಿಲ ಹಿಡಿ ಕಾದ ಕಾವಲಿಯ ಹಾಗಿತ್ತು. ಇನ್ನೊಂದು ತಮಾಷೆ: ನಾವು ಹೋಗಿ ಬಾಗಿಲು ತೆರೆದಿಟ್ಟು ನಿಂತರೆ ಹತ್ತು ನಿಮಿಷದಲ್ಲಿ ಲಿಂಕ್ ಬಂದುಬಿಡುತ್ತಿತ್ತು. ಪರೀಕ್ಷೆ ಮಾಡುವುದೇ ಚಿಕಿತ್ಸೆಯಾಗುತ್ತಿತ್ತು!

ಹಾಗಾಗಿ ಆವತ್ತು ಬಾಗಿಲು ಮುಟ್ಟಲಿಲ್ಲ. ಕಂಟ್ರೋಲ್ ರೂಮಿನಲ್ಲೇ ಕೂತು ಬೇ ಸ್ವಿಚ್ಚಿನ ಪುಟ ತೆರೆದು ಎಸ್‌ಎಫ್‌ಪಿ ತೋರಿಸುವ ಬಿಸಿಯನ್ನು ಬರೆದುಕೊಳ್ಳುತ್ತಾ ಹೋದೆ. ಬೆಳಿಗ್ಗೆ 10ಕ್ಕೆ 52 ಡಿಗ್ರಿ. 12ಕ್ಕೆ 63. ಒಂದೂವರೆಗೆ 71. ಎರಡು ಗಂಟೆ ಹತ್ತು ನಿಮಿಷಕ್ಕೆ 76. ಅದರ ಮುಂದಿನ ಸಲ ಪುಟವೇ ತೆರೆಯಲಿಲ್ಲ.

ಹೋಗಿ ಮಾಡ್ಯೂಲ್ ಕಿತ್ತು ಕನ್ನಡಕ ಸರಿಮಾಡಿಕೊಂಡು ಲೇಬಲ್ ಓದಿದೆ. ಅಕ್ಕಿಕಾಳಿಗಿಂತ ಸಣ್ಣ ಅಕ್ಷರ: 0 ರಿಂದ 70. ಆಫೀಸು, ಅಂಗಡಿಗಳಿಗೆ ಮಾಡಿದ ಮಾಲು. ಸಬ್‌ಸ್ಟೇಷನ್ನಿಗೆ ಬೇಕಾದದ್ದು -40ರಿಂದ 85 ಡಿಗ್ರಿಯದು. ಯಾವಾಗಲೋ ಮೂಲ ಮಾಡ್ಯೂಲ್ ಕೆಟ್ಟಾಗ ತುರ್ತಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಿಂದ ತಂದು ಹಾಕಿದ್ದಂತೆ. ಎಸ್‌ಪಿ ರೋಡಿನ ಮೇಲೆ ನನಗೆ ಸಿಟ್ಟಿಲ್ಲ, ಕೇಳಿದ್ದನ್ನು ಅವರು ಕೊಡುತ್ತಾರೆ. ಕೇಳುವವರು ಬಿಸಿಯ ಲೆಕ್ಕ ಕೇಳಿರಲಿಲ್ಲ, ಅಷ್ಟೇ. ನಾವೂ ಕಡಿಮೆಯಿಲ್ಲ. ಮೂರನೇ ದಿನ ಸ್ವಿಚ್ ಬದಲಿಸಿದಾಗ ಆ ಕೆಟ್ಟ ಮಾಡ್ಯೂಲನ್ನೇ ಹೊಸದಕ್ಕೆ ದಾಟಿಸಿದ್ದು ನಮ್ಮದೇ ಕೈ.

ಇಷ್ಟಕ್ಕೇ ಮುಗಿಸಿ ಬರಬಹುದಿತ್ತು. ಆದರೆ ಒಂದು ಪ್ರಶ್ನೆ ಕಾಡುತ್ತಿತ್ತು. ಆ ಸ್ಟೇಷನ್ನಿನಲ್ಲಿ ಪಿಆರ್‌ಪಿ ಎಂಬ ಜೋಡಿ ದಾರಿಯ ವ್ಯವಸ್ಥೆ ಇದೆ. ಪ್ರತಿ ರಿಲೇಗೂ ಎರಡು ಪೋರ್ಟು, ಒಂದು ಲ್ಯಾನ್-ಎ ಸ್ವಿಚ್ಚಿಗೆ, ಇನ್ನೊಂದು ಲ್ಯಾನ್-ಬಿ ಸ್ವಿಚ್ಚಿಗೆ. ಪ್ರತಿ ಸಂದೇಶವನ್ನೂ ಎರಡೂ ದಾರಿಯಲ್ಲಿ ಕಳಿಸುತ್ತೆ, ಮೊದಲು ಬಂದದ್ದನ್ನು ಆ ಕಡೆಯವರು ತೆಗೆದುಕೊಂಡು ಎರಡನೆಯದನ್ನು ಬಿಸಾಕುತ್ತಾರೆ. ಒಂದು ದಾರಿ ಸತ್ತರೆ ಒಂದು ಕ್ಷಣವೂ ಅಡ್ಡಿಯಾಗಬಾರದು. ಬಿಸಿಗೆ ಸತ್ತಿದ್ದು ಲ್ಯಾನ್-ಬಿ ಸ್ವಿಚ್ಚಿನ ಮಾಡ್ಯೂಲ್. ಹಾಗಾದರೆ ಲ್ಯಾನ್-ಎ ಎಲ್ಲಿ ಹೋಯಿತು?

ರಿಲೇಯ ಹಿಂದೆ ಎರಡೂ ದೀಪ ಹಸಿರು. ಎ ಸ್ವಿಚ್ಚೂ ಆರೋಗ್ಯವಾಗಿದೆ. ಬಿ ಸ್ವಿಚ್ಚಿನ ಲಾಗ್ ತೆರೆದರೆ ಪುಟಗಟ್ಟಲೆ ಒಂದೇ ದೂರು: ರಿಲೇಯ ಮ್ಯಾಕ್ ವಿಳಾಸ (ಉಪಕರಣದ ಗುರುತಿನ ಸಂಖ್ಯೆ) 3ನೇ ಪೋರ್ಟಿನಿಂದ 5ಕ್ಕೆ ಹೋಯಿತು, 5ರಿಂದ 3ಕ್ಕೆ ಬಂತು. ಪಿಆರ್‌ಪಿ ಉಪಕರಣ ಎರಡೂ ಪೋರ್ಟಿನಲ್ಲಿ ಒಂದೇ ಮ್ಯಾಕ್ ಬಳಸುತ್ತೆ. ಅದು ಒಂದೇ ಸ್ವಿಚ್ಚಿನ ಎರಡು ಪೋರ್ಟಿನಲ್ಲಿ ಕಂಡರೆ ಅರ್ಥ ಒಂದೇ. ಟಾರ್ಚ್ ಹಿಡಿದು ಎರಡೂ ಪ್ಯಾಚ್ ಕಾರ್ಡುಗಳನ್ನು ಬೆರಳಲ್ಲಿ ಹಿಡಿದು ಸವರುತ್ತಾ ಹೋದೆ. ಎರಡೂ ಬಿ ಸ್ವಿಚ್ಚಿಗೇ ಹೋಗಿದ್ದವು. ಎ ಅಂತ ಬರೆದಿದ್ದ ಟೇಪು ಬಿಸಿಲಿಗೆ ಬಿಳಿಚಿ ಓದಲು ಬಾರದಂತಾಗಿತ್ತು. ಎರಡು ಹಗ್ಗ, ಗೂಟ ಒಂದೇ.

ಬೇ ವಿಸ್ತರಣೆಯ ಕೆಲಸದಲ್ಲಿ ಯಾರೋ ತೆಗೆದು ಮತ್ತೆ ಹಾಕುವಾಗ ಹೀಗಾಗಿರಬೇಕು. ಯಾರು ಅಂತ ಹುಡುಕಲು ಹೋಗಲಿಲ್ಲ. ಅಲಾರಂ ಯಾಕೆ ಬರಲಿಲ್ಲ ಎಂಬುದೇ ನನಗೆ ಮುಖ್ಯವಾಗಿತ್ತು. ಲಿಂಕ್ ಬಿದ್ದರೆ ಮಾತ್ರ ಅಲಾರಂ ಕೊಡುವಂತೆ ಮಾಡಿದ್ದರು. ಎ ಕಾರ್ಡು ತಪ್ಪು ಸ್ವಿಚ್ಚಿಗೆ ಹೋಗಿದ್ದರೂ ರಿಲೇಯ ಆ ಲಿಂಕ್ ಬಿದ್ದೇ ಇರಲಿಲ್ಲ. ಆದರೆ ಪಿಆರ್‌ಪಿ ಫ್ರೇಮಿನ ಬಾಲದಲ್ಲಿ ‘ನಾನು ಎ’, ‘ನಾನು ಬಿ’ ಅಂತ ಗುರುತಿರುತ್ತೆ. ಎ ಗುರುತಿನ ಫ್ರೇಮ್ ಬಿ ಕಡೆಯಿಂದ ಬಂದರೆ ಎಣಿಸುವ ‘ರಾಂಗ್ ಲ್ಯಾನ್’ ಕೌಂಟರ್ ಒಂದಿದೆ. ಕಂಟ್ರೋಲ್ ರೂಮಿನ ಗೇಟ್‌ವೇಯಲ್ಲಿ ಅದು ಲಕ್ಷಗಳಲ್ಲಿ ಓಡುತ್ತಿತ್ತು. ಯಾರೂ ಆ ಪುಟ ತೆರೆದಿರಲಿಲ್ಲ. ನಾನೂ ಸೇರಿ.

ಸರಿ ಮಾಡಿದ ಮೇಲೆ

ಫೈಬರ್ ಕೀಳುವ ಮುನ್ನ ಶಿಫ್ಟಿನವರಿಗೆ ಹೇಳಿ, ಅನುಮತಿ ತೆಗೆದುಕೊಳ್ಳಿ. ಎಲ್‌ಬಿಬಿ (ಒಂದು ಬ್ರೇಕರ್ ತೆರೆಯದಿದ್ದರೆ ಸುತ್ತಲಿನವನ್ನು ತೆರೆಸುವ ರಕ್ಷಣೆ) ಚಾಲನೆ, ಇಂಟರ್‌ಲಾಕ್ ಎಲ್ಲ ಗೂಸ್ ಮೇಲೆ ಹೋಗುವ ಸ್ಟೇಷನ್ ಆದರೆ ನೀವು ಕೀಳುತ್ತಿರುವುದು ಬರೀ ಡೇಟಾ ಅಲ್ಲ, ರಕ್ಷಣೆಯನ್ನೇ. ಲ್ಯಾಪ್‌ಟಾಪನ್ನು ಎರಡೂ ಲ್ಯಾನಿಗೆ ಒಟ್ಟಿಗೆ ಚುಚ್ಚಬೇಡಿ. ‘ಮನೆಯಿಂದಲೇ ನೋಡೋಣ’ ಅಂತ ಡಾಂಗಲ್ ಬಿಟ್ಟು ಬರುವುದೂ ಬೇಡ. 2015ರ ಡಿಸೆಂಬರ್ 23ರಂದು ಉಕ್ರೇನಿನಲ್ಲಿ ದಾಳಿಕೋರರು ದೂರದಲ್ಲಿ ಕೂತು ಬ್ರೇಕರ್‌ಗಳನ್ನು ತೆರೆದರು, ಸಾಲದ್ದಕ್ಕೆ ಸೀರಿಯಲ್-ಈಥರ್ನೆಟ್ ಕನ್ವರ್ಟರ್‌ಗಳ ಫರ್ಮ್‌ವೇರನ್ನೂ ಕೆಡಿಸಿದರು.

ಪರೀಕ್ಷೆ ಹೀಗೆ. ಮೊದಲು ಗೇಟ್‌ವೇಯ ನೋಡ್ ಟೇಬಲ್ಲಿನಲ್ಲಿ ಆ ರಿಲೇ ಎ ಮತ್ತು ಬಿ ಎರಡರಲ್ಲೂ ಕಾಣುತ್ತಾ ನೋಡಿ. ಪಿಆರ್‌ಪಿ ಉಪಕರಣ ಸಾಮಾನ್ಯವಾಗಿ 2 ಸೆಕೆಂಡಿಗೊಮ್ಮೆ ‘ಇದ್ದೀನಿ’ ಅನ್ನುತ್ತೆ, ಹಾಗಾಗಿ ‘ಕೊನೆಗೆ ಕಂಡಿದ್ದು’ ಕಾಲಂ ಎರಡೂ ಕಡೆ ತಾಜಾ ಇರಬೇಕು. ಆಮೇಲೆ ಎ ಕಡೆಯದನ್ನು ಕೀಳಿ. ಎಚ್‌ಎಂಐ ಮಿಸುಕಬಾರದು, ಅಲಾರಂ ಬರಲೇಬೇಕು. ಅದು ಸೆಂಟರಿಗೂ ಮುಟ್ಟಿತಾ ಅಂತ ಫೋನ್ ಮಾಡಿ ಕೇಳಿ. ವಾಪಸ್ ಹಾಕಿ, ಒಂದು ನಿಮಿಷ ಬಿಟ್ಟು ಬಿ ಕೀಳಿ. ದೀಪ ನೋಡಿ ಸಮಾಧಾನ ಪಡಬೇಡಿ, ಕಿತ್ತೇ ನೋಡಿ. ಈ ಕಿತ್ತು ನೋಡುವ ಕೆಲಸವನ್ನು ಈಗ ಪ್ರತಿ ವಿಸ್ತರಣೆ ಮುಗಿದ ಮೇಲೂ ಮಾಡಿಸುತ್ತೇನೆ. ಗುತ್ತಿಗೆಯವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ಬಿಸಿಯ ಕೇಸಾದರೆ ಸಂಜೆ ಮುಗಿಸಿದ ರಿಪೇರಿಯನ್ನು ಸಂಜೆಯೇ ಪಾಸ್ ಮಾಡಬೇಡಿ. ಮಾರನೇ ದಿನ ನಾವು ಬಾಗಿಲು ಮುಚ್ಚಿ, ಎಸಿ ಆಫ್ ಇಟ್ಟೇ ಮಧ್ಯಾಹ್ನ ಮೂರರವರೆಗೆ ಕಾದೆವು. ಆಮೇಲೆ ಆ ಆಪರೇಟರ್ ರಿಜಿಸ್ಟರಿನಲ್ಲಿ ಬರೆದ ಸಾಲು ಇದು: “15:05. ಎಸ್‌ಎಫ್‌ಪಿ 77 ಡಿಗ್ರಿ. ಎ ಕಿತ್ತಾಗ ಡೇಟಾ ಇತ್ತು, ಬಿ ಕಿತ್ತಾಗ ಡೇಟಾ ಇತ್ತು. ಊಟ ಆಗಿದೆ, ಲಿಂಕ್ ಹೋಗಿಲ್ಲ.”